ಗಜನಿ ಹೊಂಡಕ್ಕೆ ಮಣ್ಣು ಹಾಕೋದು ಬೇಡ: ಭಾನುವಾರ ಮೋರಿ ಹತ್ರ ಸೇರೋಣ

ಮನೆ 7: ಸೊಳ್ಳೆ ಕಾಟ ತಡೆಯೋಕಾಗ್ತಿಲ್ಲ. ಡೆಂಗಿ ಬಂದು ಮಗು ಹದಿನೈದು ದಿನ ಮಲಗಿತ್ತು. ಮನೆಗಳ ಹಿಂದಿನ ಗಜನಿ (ಅಳಿವೆ ದಂಡೆಯ ಸವಳು ಗದ್ದೆ) ಹೊಂಡಕ್ಕೆ ಯಾರೋ ಎರಡು ಲೋಡ್ ಮಣ್ಣು ಹಾಕಿದ್ದಾರೆ, ಉಳಿದದ್ದನ್ನ ನಾವೇ ದುಡ್ಡು ಸೇರಿಸಿ ತುಂಬಿಸೋಣ. ಇಲ್ಲಾಂದ್ರೆ ಸೊಳ್ಳೆಮರಿ ತಿನ್ನೋ ಗಂಬೂಸಿಯಾ ಮೀನು ತಂದು ಬಿಡೋಣ.

ಮನೆ 12, ಅಕ್ಕೋರು: ತಮ್ಮಾ, ಮಗು ಈಗ ಸರಿಯಾಗಿ ಊಟ ಮಾಡ್ತಿದ್ಯಾ? ಡೆಂಗಿ ಸೊಳ್ಳೆ ಹೆಚ್ಚಾಗಿ ಮರಿ ಮಾಡೋದು ಡ್ರಮ್ಮು, ಟಯರು, ಹೂಕುಂಡದ ತಟ್ಟೆ ನೀರಲ್ಲಿ. ನಮ್ಮ ಮಾಳಿಗೆ ಡ್ರಮ್ಮಲ್ಲೂ ಹುಳ ಇತ್ತು, ನಿನ್ನೆ ಉಜ್ಜಿ ಕವುಚಿ ಹಾಕಿದೆ.

ಹೊಂಡದಲ್ಲಿ ಸೊಳ್ಳೆಮರಿ ತಿನ್ನೋ ಮೀನು ಈಗಾಗಲೇ ಇದೆ. ಬೆಳಿಗ್ಗೆ ದಂಡೆಯಿಂದ ನೋಡಿ, ನೀರಿನ ಮೇಲ್ಭಾಗದಲ್ಲೇ ಬೆರಳುದ್ದದ ಮೀನು, ನೆತ್ತಿ ಮೇಲೆ ಹೊಳೆಯೋ ಚುಕ್ಕೆ. ಶಾಸ್ತ್ರದ ಹೆಸರು ಅಪ್ಲೋಕೈಲಸ್ ಲೀನಿಯೇಟಸ್. ಸಿಹಿನೀರು, ಸವಳು ನೀರು ಎರಡರಲ್ಲೂ ಬದುಕತ್ತೆ. ಗಿಡದ ಬೇರಿಗೆ, ಹುಲ್ಲಿಗೆ ಮೊಟ್ಟೆ ಅಂಟಿಸತ್ತೆ, ಒಡೆಯೋಕೆ ಸುಮಾರು ಎರಡು ವಾರ. ಅಷ್ಟರಲ್ಲಿ ಮಣ್ಣು ಬಿದ್ರೆ ಮುಗೀತು. ಗಂಬೂಸಿಯಾ 1928ರಲ್ಲಿ ಇಟಲಿಯಿಂದ ತಂದದ್ದು, ಮೂಲ ಉತ್ತರ ಅಮೆರಿಕ. ಊರಿನ ಮೀನಿನ ಮರಿ ತಿಂದು, ದೊಡ್ಡವುಗಳ ರೆಕ್ಕೆ ಕಚ್ಚತ್ತೆ. ದಯವಿಟ್ಟು ತರಬೇಡಿ.

ಮನೆ 3: ಈ ಮೀನು ಅಳಿವಿನಂಚಿನ ಪಟ್ಟಿಯಲ್ಲಿದ್ಯಾ ಅಕ್ಕೋರೇ?

ಅಕ್ಕೋರು: ಇಲ್ಲ, ಬೇರೆ ಕಡೆನೂ ಇದೆ. ಆದ್ರೆ ಈ ಹೊಂಡದ್ದು ಸತ್ತರೆ ಮತ್ತೆ ಬರೋಕೆ ದಾರಿ ಎಲ್ಲಿದೆ? ರಸ್ತೆ ಅಗಲ ಮಾಡಿದಾಗ ಅಳಿವೆ ನೀರು ಬಂದುಹೋಗೋ ಮೋರಿನೇ ಮುಚ್ಚಿಹೋಯ್ತಲ್ಲ.

ಮನೆ 19, ಅಜ್ಜ: ಮೂಲ ಅದೇ. ಕಗ್ಗ (ಸವಳು ನೀರಲ್ಲಿ ಬೆಳೆಯೋ ಭತ್ತ) ಕೊಯ್ದ ಮೇಲೆ ನಾವು ಗಜನಿ ಕಟ್ಟೆಯ ಬಾಗಿಲು ತೆಗೆದು ಭರತದ ನೀರು ಒಳಗೆ ಬಿಡ್ತಿದ್ವಿ. ಶೆಟ್ಲಿ (ಸೀಗಡಿ), ಮೀನು ಅದರ ಜೊತೆಗೇ ಬರ್ತಿತ್ತು, ಇಳಿತಕ್ಕೆ ಕೊಳೆ ಹೊರಗೆ ಹೋಗ್ತಿತ್ತು. ಈಗ ನೀರು ನಿಂತು ನಾರ್ತಿದೆ.

ಮನೆ 3: ಅರ್ಜಿ ಬರೆದಿದ್ದೇನೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಉಪ್ಪುನೀರಿನ ಜೌಗು, ಕಾಂಡ್ಲಾ (ಮ್ಯಾಂಗ್ರೋವ್) ಎರಡೂ 1ಎ, ಅಂದ್ರೆ ಅತಿ ಸೂಕ್ಷ್ಮ ವಲಯ. 2024ರಲ್ಲಿ ನಮ್ಮ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಅಂತ ಘೋಷಣೆ ಆದದ್ದನ್ನೂ ಸೇರಿಸಿದೆ. ಅರ್ಜಿಯ ಒಂದು ಪ್ರತಿ ಜಿಲ್ಲಾಧಿಕಾರಿಗಳಿಗೆ. 14 ಸಹಿ ಆಗಿದೆ.

ಮನೆ 7: ನನ್ನದೂ ಹಾಕಿ. ಆದ್ರೆ ಸೊಳ್ಳೆ ಕಮ್ಮಿ ಆಗ್ಲೇಬೇಕು, ಅದನ್ನ ನಾನು ಬಿಡಲ್ಲ.

ಅಕ್ಕೋರು: ಬಿಡಲೇಬೇಡ. ಭಾನುವಾರ ಹಾರೆ, ಬುಟ್ಟಿ ತನ್ನಿ, ಮೋರಿ ಬಾಯಿ ಬಿಡಿಸೋಣ. ಸಂಜೆ ಮನೆಮನೆ ಡ್ರಮ್ಮು ನೋಡೋಣ, ನಿನ್ನ ಮನೆಯಿಂದಲೇ ಶುರು. ದಂಡೆ ಹುಲ್ಲು ಯಾರೂ ಕೀಳಬೇಡಿ, ಮೊಟ್ಟೆ ಇರತ್ತೆ.

ಅಜ್ಜ: ಇಳಿತ ಇದ್ದಾಗಲೇ ಅಗೀಬೇಕು. ಹೊತ್ತು ಎಷ್ಟಕ್ಕೆ ಅಂತ ಶನಿವಾರ ಹೇಳ್ತೇನೆ.