ವಿನೆಗರ್‌ನಲ್ಲಿಟ್ಟ ಕೋಳಿ ಮೂಳೆ ರಬ್ಬರ್ ಆಯ್ತು, ಚಿಪ್ಪು ಕರಗಿಯೇ ಹೋಯ್ತು. ಯಾಕೆ?

ಕಾರವಾರದವಳು:
ಮಗಳ ಶಾಲೆಯ ಪ್ರಾಜೆಕ್ಟಿಗೆ ಅಂತ ಕೋಳಿ ಕಾಲಿನ ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಟ್ಟಿದ್ದೆವು, ಆಗಾಗ ವಿನೆಗರ್ ಬದಲಿಸುತ್ತಾ. ಈಗ ತೆಗೆದು ನೋಡಿದರೆ ಆಕಾರ ಹಾಗೇ ಇದೆ, ಆದರೆ ಬಗ್ಗಿಸಿದ ಹಾಗೆ ಬಗ್ಗುತ್ತದೆ, ಮುರಿಯುವುದೇ ಇಲ್ಲ. ಇನ್ನೊಂದು ಲೋಟಕ್ಕೆ ಬೆಳಚಿನ ಚಿಪ್ಪು ಹಾಕಿದ್ದೆವು. ಅದು ಬುರುಬುರು ಗುಳ್ಳೆ ಬಿಟ್ಟು ಕರಗಿ, ತೆಳ್ಳನೆ ಪೊರೆ ಮಾತ್ರ ಉಳಿಯಿತು. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಅಲ್ವಾ?

ಕುಮಟಾ ಬಯಾಲಜಿ:
ಕ್ಯಾಲ್ಸಿಯಂ ಹೌದು, ಆದರೆ ಚಿಪ್ಪು ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೂಳೆಯ ತೂಕದಲ್ಲಿ ಖನಿಜ ಸುಮಾರು ಮೂರನೇ ಎರಡು ಪಾಲು, ಅದೂ ಕ್ಯಾಲ್ಸಿಯಂ ಫಾಸ್ಫೇಟ್. ಉಳಿದದ್ದು ಪ್ರೋಟೀನು, ನೀರು. ವಿನೆಗರ್ ಖನಿಜವನ್ನು ತೆಗೆದುಬಿಟ್ಟಿತು, ನಿಮ್ಮ ಕೈಯಲ್ಲಿರುವುದು ಕೊಲಾಜೆನ್ ಎಂಬ ಆ ಪ್ರೋಟೀನು. ಇನ್ನೊಂದು ಮೂಳೆಯನ್ನು ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಟ್ಟು ನೋಡಿ. ಆಗ ಪ್ರೋಟೀನು ಉರಿದು ಖನಿಜ ಮಾತ್ರ ಉಳಿಯುತ್ತದೆ, ಒತ್ತಿದರೆ ಪುಡಿಪುಡಿ.

ನನಗೆ ಇಷ್ಟವಾಗುವುದು ಇವೆರಡೂ ಸೇರುವ ರೀತಿ. ಕೊಲಾಜೆನ್ ಅಣು ಅಂದರೆ ಮೂರು ಎಳೆ ಹೊಸೆದ ಹುರಿ, ಉದ್ದ ಸುಮಾರು 300 ನ್ಯಾನೋಮೀಟರ್. ಇವು ಸಾಲಾಗಿ ಕೂರುವಾಗ ಒಂದರ ತುದಿಗೂ ಮುಂದಿನದರ ಬುಡಕ್ಕೂ ನಡುವೆ ಸುಮಾರು 40 ನ್ಯಾನೋಮೀಟರ್ ಸಂದಿ ಬಿಡುತ್ತವೆ. ಕ್ಯಾಲ್ಸಿಯಂ ಫಾಸ್ಫೇಟ್ ಇನ್ನೂ ಹರಳಾಗದ ಸ್ಥಿತಿಯಲ್ಲೇ ಈ ಸಂದಿಗಳಿಗೆ ನುಗ್ಗಿ, ಅಲ್ಲಿ ಹರಳುಗಟ್ಟುತ್ತದೆ. ಹರಳು ಕೆಲವೇ ನ್ಯಾನೋಮೀಟರ್ ದಪ್ಪದ ತಗಡು, ಎಳೆಯ ಉದ್ದಕ್ಕೇ ಬೆಳೆಯುತ್ತದೆ. ಎಲ್ಲಿ ಕೂರಬೇಕು, ಯಾವ ಕಡೆ ಬೆಳೆಯಬೇಕು ಎಂಬುದರಲ್ಲಿ ಪ್ರೋಟೀನಿನದೇ ದೊಡ್ಡ ಕೈ.

ಶಿರಸಿ ಮಾಣಿ:
ಒಂದು ಡೌಟು. ರಕ್ತದಲ್ಲೂ ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಇವೆ, ಚರ್ಮದಲ್ಲೂ ಕೊಲಾಜೆನ್ ಇದೆ. ಮತ್ತೆ ನಾವೆಲ್ಲ ಕಲ್ಲಾಗಲಿಲ್ಲ ಯಾಕೆ ಮಾರಾಯ್ರೇ?

ಕುಮಟಾ ಬಯಾಲಜಿ:
ತಡೆಯುವವರು ಇದ್ದಾರೆ ಮಾರಾಯ್ರೇ. ಮುಖ್ಯವಾದದ್ದು ಪೈರೋಫಾಸ್ಫೇಟ್, ಅಂದರೆ ಎರಡು ಫಾಸ್ಫೇಟ್ ಜೋಡಿಸಿದ ಅಣು, ಅದು ಹರಳು ಬೆಳೆಯಲು ಬಿಡುವುದಿಲ್ಲ. ಮೂಳೆ ಕಟ್ಟುವ ಕೋಶಗಳು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದಿಂದ ಅದನ್ನು ಒಡೆಯುತ್ತವೆ. ತಡೆಯೂ ಹೋಯಿತು, ಫಾಸ್ಫೇಟೂ ಸಿಕ್ಕಿತು! ರಕ್ತದ ರಿಪೋರ್ಟಿನಲ್ಲಿ ಎಎಲ್‌ಪಿ ಅಂತ ಇರುತ್ತದಲ್ಲ, ಅದೇ ಇದು. ಬೆಳೆಯುವ ಮಕ್ಕಳಲ್ಲಿ ಜಾಸ್ತಿ ಇರುತ್ತದೆ. ಲಿವರ್‌ನಿಂದಲೂ ಬರುತ್ತದೆ, ಹಾಗಾಗಿ ಆ ಒಂದು ಅಂಕಿ ನೋಡಿ ಏನೇನೋ ಊಹಿಸಬೇಡಿ.

ಅಂಕೋಲಾ ಅಕ್ಕ:
ಸುಮ್ನೆ ಕ್ಯಾಲ್ಸಿಯಂ ಮಾತ್ರೆ ನುಂಗಿ ಮೂಳೆ ಗಟ್ಟಿಯಾಯ್ತು ಅಂದುಕೊಳ್ಳುವವರು ಇದನ್ನು ಓದಬೇಕು. ಆ ಮೂರು ಎಳೆ ಬಿಗಿಯಾಗಿ ನಿಲ್ಲಲು ವಿಟಮಿನ್ ಸಿ ಬೇಕು, ಕರುಳು ಕ್ಯಾಲ್ಸಿಯಂ ಸರಿಯಾಗಿ ಹೀರಲು ಡಿ ಬೇಕು. ಡಿ ತೀರಾ ಕಡಿಮೆಯಾದರೆ ಮಕ್ಕಳಿಗೆ ರಿಕೆಟ್ಸ್. ಚೌಕಟ್ಟು ಇದೆ, ಖನಿಜ ತುಂಬಿಲ್ಲ, ಕಾಲು ಬಾಗುತ್ತದೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಹುಟ್ಟಿನಿಂದಲೇ ಬರುವ ಮೂಳೆ ಕಾಯಿಲೆಯಲ್ಲಿ ಇದರ ಉಲ್ಟಾ: ಹೆಚ್ಚಿನವರಲ್ಲಿ ಕೊಲಾಜೆನ್ ಜೀನಿನಲ್ಲೇ ದೋಷ, ಕ್ಯಾಲ್ಸಿಯಂ ಇದ್ದರೂ ಸಣ್ಣ ಪೆಟ್ಟಿಗೇ ಮೂಳೆ ಮುರಿಯುತ್ತದೆ.

ಕಾರವಾರದವಳು:
ಥ್ಯಾಂಕ್ಸ್! ಮಗಳು ಕೇಳುತ್ತಿದ್ದಾಳೆ, ಶಾರ್ಕ್ ಮೀನಿಗೆ ಮೂಳೆಯೇ ಇಲ್ಲವಂತೆ, ಹೌದಾ?

ಕುಮಟಾ ಬಯಾಲಜಿ:
ಹೌದು, ಅದರ ಅಸ್ಥಿಪಂಜರ ಮೃದ್ವಸ್ಥಿಯದ್ದು, ನಮ್ಮ ಕಿವಿಯಲ್ಲಿರುವಂಥ ಮೆತ್ತನೆ ಎಲುಬು. ಆದರೂ ಅದರ ಹೊರಮೈಯಲ್ಲಿ ಸಣ್ಣಸಣ್ಣ ಬಿಲ್ಲೆಗಳಾಗಿ ಖನಿಜ ಕೂತಿರುತ್ತದೆ. ಮಾರ್ಕೆಟ್ಟಿನಲ್ಲಿ ಶಾರ್ಕಿನ ಬೆನ್ನಿನ ಮಣಿ ಸಿಕ್ಕಿದರೆ ತಂದು ವಿನೆಗರ್‌ಗೆ ಹಾಕಿ, ಫೋಟೋ ಇಲ್ಲೇ ಹಾಕಿ.