ಆಫ್ರಿಕಾದ ಕ್ರೈಸ್ತ ಸಭೆಗಳ ಶವಸಂಸ್ಕಾರ ಆರಾಧನೆಯಲ್ಲಿ ಪಿತೃಗಳಿಗೆ ಜಾಗವಿದೆಯೇ?

ಪ್ರಶ್ನೆ:
ದಕ್ಷಿಣ ಆಫ್ರಿಕಾದ ಜುಲು ಕುಟುಂಬವೊಂದರ ಮೆಥೊಡಿಸ್ಟ್ (ಒಂದು ಪ್ರೊಟೆಸ್ಟೆಂಟ್ ಪಂಗಡ) ಅಂತ್ಯಕ್ರಿಯೆಯನ್ನು ನೇರಪ್ರಸಾರದಲ್ಲಿ ನೋಡಿದೆ. ಸಭಾಪಾಲಕರು (ಪಾಸ್ಟರ್) ಆರಾಧನಾಕ್ರಮವನ್ನು ಪುಸ್ತಕದಲ್ಲಿದ್ದಂತೆಯೇ ನಡೆಸಿದರು. ಆದರೆ ನಡುವೆ ಹಿರಿಯರೊಬ್ಬರು ಎದ್ದು, ಮೃತರ ವಂಶದ ಬಿರುದುಗಳನ್ನು ಶವಪೆಟ್ಟಿಗೆಯತ್ತ ನೋಡುತ್ತಾ ಒಂದೇ ಉಸಿರಿನಲ್ಲಿ ಹೇಳಿದರು. ಮೃತರನ್ನು ಹೀಗೆ ಸಂಬೋಧಿಸುವುದನ್ನು ಸಭೆಗಳು ಒಪ್ಪುತ್ತವೆಯೇ?

ಉತ್ತರ 1:
ಆ ಬಿರುದುಗಳಿಗೆ ಜುಲು ಭಾಷೆಯಲ್ಲಿ ‘ಇಜಿಥಕಜೆಲೊ’ ಎನ್ನುತ್ತಾರೆ. ಅದು ಪ್ರಾರ್ಥನೆಯಲ್ಲ, ಗೌರವದ ಕರೆ. ಬದುಕಿರುವವರನ್ನೂ ಹಾಗೆಯೇ ಕರೆಯುವುದುಂಟು. ಅಲ್ಲಿ ಆರಾಧನೆ ಚರ್ಚಿನ ಬಾಗಿಲಲ್ಲಿ ಆರಂಭವಾಗುವುದಿಲ್ಲ ಎಂಬುದನ್ನೂ ಗಮನಿಸಬೇಕು. ಸಮಾಧಿಯ ಹಿಂದಿನ ರಾತ್ರಿ ‘ಉಮ್ಲಿಂಡೆಲೊ’ ಎಂಬ ಜಾಗರಣೆ ಇರುತ್ತದೆ. ಕುರ್ಚಿ ಮೇಜುಗಳನ್ನೆಲ್ಲ ತೆರವು ಮಾಡಿದ ಕೋಣೆಯಲ್ಲಿ ವಿಧವೆ ನೆಲದ ಹಾಸಿಗೆಯ ಮೇಲೆ ಕುಳಿತಿರುತ್ತಾಳೆ; ಕೆಂಪು ರವಿಕೆ, ಬಿಳಿ ಕೊರಳಪಟ್ಟಿ, ಕಪ್ಪು ಲಂಗ ತೊಟ್ಟ ‘ಮನ್ಯಾನೊ’ ಮಹಿಳಾ ಸಂಘದವರು ಆಕೆಯ ಸುತ್ತ ಸ್ತುತಿಗೀತೆಗಳನ್ನು ಹಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ನಿಜವಾದ ಸಾಂತ್ವನ ನಡೆಯುವುದು ಅಲ್ಲಿಯೇ, ಮರುದಿನ ಸಭಾಪಾಲಕರು ಮಾಡುವ ಪ್ರಸಂಗದಲ್ಲಲ್ಲ.

ಉತ್ತರ 2:
ಗೌರವದ ಕರೆ ಎಂದು ಹೇಳಿ ಮುಗಿಸುವಷ್ಟು ಸುಲಭದ ವಿಷಯ ಇದಲ್ಲ. ಜಿಂಬಾಬ್ವೆಯ ಶೋನಾ ಜನರಲ್ಲಿ, ಮರಣದ ಸುಮಾರು ಒಂದು ವರ್ಷದ ನಂತರ ಮೃತರ ಆತ್ಮವನ್ನು ಮನೆಗೆ ಕರೆತರುವ ‘ಕುರೊವ ಗುವ’ ಎಂಬ ವಿಧಿಯಿದೆ. ಮಿಷನರಿಗಳು ಇದನ್ನು ನಿಷೇಧಿಸಿದ್ದರು; ಜನರು ಕದ್ದುಮುಚ್ಚಿ ಆಚರಿಸುತ್ತಲೇ ಇದ್ದರು. ಕೊನೆಗೆ ಕ್ಯಾಥೊಲಿಕ್ ಬಿಷಪರು ಅದಕ್ಕೊಂದು ಕ್ರೈಸ್ತ ರೂಪವನ್ನು ಒಪ್ಪಿದರು. ಪ್ರೊಟೆಸ್ಟೆಂಟರಲ್ಲಿ ಹಲವರು ಅದರ ಬದಲು ‘ನ್ಯರಾಡ್ಜೊ’ ಎಂಬ ಸಾಂತ್ವನ ಆರಾಧನೆಯನ್ನು ನಡೆಸುತ್ತಾರೆ. ಇನ್ನು 1988ರಲ್ಲಿ ವ್ಯಾಟಿಕನ್ ಅನುಮೋದಿಸಿದ ಜೈರ್ ದೇಶದ (ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ) ಬಲಿಪೂಜಾಕ್ರಮದಲ್ಲಂತೂ (ಕ್ಯಾಥೊಲಿಕರ ‘ಮಾಸ್’ ಆರಾಧನೆಯ ಕ್ರಮ), ಸಂತರ ಜೊತೆಗೆ ಸನ್ಮನಸ್ಸಿನ ಪಿತೃಗಳನ್ನೂ ತಮ್ಮೊಂದಿಗಿರುವಂತೆ ಆಹ್ವಾನಿಸಲಾಗುತ್ತದೆ. ಅದು ಶವಸಂಸ್ಕಾರದ ಕ್ರಮವಲ್ಲ, ಆದರೆ ನಿಮ್ಮ ಪ್ರಶ್ನೆಗೆ ಒಂದು ಸಭೆ ಕೊಟ್ಟ ಅಧಿಕೃತ ಉತ್ತರ ಅದೇ.

ಉತ್ತರ 3:
ಘಾನಾದ ಅಕಾನ್ ಜನರಲ್ಲಿ ತಕರಾರು ಹುಟ್ಟುವುದು ಮಾತಿಗಲ್ಲ, ಪಿತೃಗಳ ಹೆಸರಿನಲ್ಲಿ ನೆಲಕ್ಕೆ ಮದ್ಯ ಎರೆಯುವುದಕ್ಕೆ. ಪೆಂಟೆಕಾಸ್ಟಲ್ ಸಭೆಗಳು ಅದನ್ನು ಸುತರಾಂ ಒಪ್ಪುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಹಿರಿಯರು ಸಭಾಪಾಲಕರು ಬರುವ ಮೊದಲೇ ಅದನ್ನು ಮುಗಿಸಿಬಿಡುತ್ತಾರೆ. ಶನಿವಾರ ಕಪ್ಪು ಮತ್ತು ಕೆಂಪು ಬಟ್ಟೆಯಲ್ಲಿ ಸಮಾಧಿ ಮಾಡಿ, ಭಾನುವಾರ ಬಿಳಿ ಉಟ್ಟು ಕೃತಜ್ಞತಾ ಆರಾಧನೆಗೆ ಹೋಗುತ್ತಾರೆ.

ಪ್ರಶ್ನೆ ಕೇಳಿದವರು:
ಆ ದೃಶ್ಯವನ್ನು ಮತ್ತೊಮ್ಮೆ ನೋಡಿದೆ. ಹಿರಿಯರು ಬಿರುದುಗಳನ್ನು ಹೇಳುವಷ್ಟು ಹೊತ್ತೂ ಸಭಾಪಾಲಕರು ಪುಸ್ತಕದ ಪುಟದಲ್ಲಿ ಬೆರಳಿಟ್ಟುಕೊಂಡು ಕಾಯುತ್ತಿದ್ದರು. ಮುಗಿದ ಮೇಲೆ ‘ಆಮೆನ್’ ಎನ್ನಲೂ ಇಲ್ಲ, ಆಕ್ಷೇಪಿಸಲೂ ಇಲ್ಲ, ಮುಂದಿನ ವಾಕ್ಯವನ್ನು ಓದಿದರು.