ಅಜ್ಜಿಯ ಪಾರ್ಸೆಲ್ಲಿನ ಬೀಜಗಳು ಮತ್ತು ಹೋಲ್ 30

ಸಿಂಧು, ನೀನು ಹೋಲ್ 30 ಪಥ್ಯ ಹಿಡಿದಿರುವುದಾಗಿಯೂ, ಧಾರವಾಡದಿಂದ ಅಜ್ಜಿ ಕಳಿಸಿದ ಅಗಸಿ ಚಟ್ನಿಪುಡಿ, ಗುರೆಳ್ಳು ಪುಡಿ, ಕಾಮಕಸ್ತೂರಿ, ರಾಜಗಿರಿ ಇವುಗಳಲ್ಲಿ ಯಾವುದನ್ನು ತಿನ್ನಬಹುದೆಂದು ತಿಳಿಯದೆ ಪಾರ್ಸೆಲ್ಲನ್ನು ಹಾಗೆಯೇ ಇಟ್ಟಿರುವುದಾಗಿಯೂ ಬರೆದಿದ್ದೀಯೆ. ಕಾಳು ಎಂದ ಮೇಲೆ ಎಲ್ಲವೂ ವರ್ಜ್ಯವೆಂದು ನಿನ್ನ ಅಣ್ಣ ಅದರ ಕೆಳಗೇ ತೀರ್ಪು ಕೊಟ್ಟಿದ್ದಾನೆ. ಆ ತೀರ್ಪು ಸರಿಯಲ್ಲ. ಇದು ಮೊಬೈಲಿನಲ್ಲಿ ಬೆರಳೊತ್ತಿ ಬರೆದು ಮುಗಿಯುವ ವಿಷಯವಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತೇನೆ, ಕೊನೆಯವರೆಗೆ ಕೇಳು.

ಅಮೆರಿಕದಲ್ಲಿ 2009ರಲ್ಲಿ ಶುರುವಾದ ಈ ಪಥ್ಯದಲ್ಲಿ 30 ದಿನ ಬಿಡಬೇಕಾದದ್ದು ಮೇಲಿಂದ ಸೇರಿಸಿದ ಸಿಹಿ, ಮದ್ಯ, ಧಾನ್ಯ, ದ್ವಿದಳ ಕಾಳು ಮತ್ತು ತುಪ್ಪವೊಂದನ್ನುಳಿದು ಹಾಲಿನ ಪದಾರ್ಥಗಳನ್ನು. ಅಗಸೆ, ಎಳ್ಳು, ಚಿಯಾ, ಕುಂಬಳ ಬೀಜ, ಸೂರ್ಯಕಾಂತಿ ಇವು ಯಾವುವೂ ಆ ಬಿಡಬೇಕಾದ ಪಟ್ಟಿಯಲ್ಲಿ ಬರುವುದಿಲ್ಲ. ಗುರೆಳ್ಳು, ಅಂದರೆ ಮೈಸೂರು ಕಡೆಯವರ ಹುಚ್ಚೆಳ್ಳು, ಸೂರ್ಯಕಾಂತಿಯ ಕುಟುಂಬದ ಎಣ್ಣೆಬೀಜ. ಕಾಮಕಸ್ತೂರಿಯೂ ಚಿಯಾವೂ ತುಳಸಿಯ ಕುಟುಂಬದವು. ಆದ್ದರಿಂದ ಅವೂ ಸಲ್ಲುತ್ತವೆಂದೇ ನನ್ನ ಎಣಿಕೆ. ಸಾಸಿವೆ, ಜೀರಿಗೆಗೆ ಅಡ್ಡಿಯಿಲ್ಲ. ಮೆಂತ್ಯ ಸಸ್ಯಶಾಸ್ತ್ರದ ಪ್ರಕಾರ ದ್ವಿದಳ ಕುಟುಂಬದ್ದಾದರೂ ಈ ಪಥ್ಯದವರು ಅದನ್ನು ಮಸಾಲೆಯ ಲೆಕ್ಕಕ್ಕೆ ಹಾಕಿ ತಿನ್ನಲು ಬಿಟ್ಟಿದ್ದಾರೆ.

ರಾಜಗಿರಿ ಮಾತ್ರ ಬೇಡ. ಏಕಾದಶಿಗೆ ಅಕ್ಕಿ ಗೋಧಿ ಬಿಟ್ಟವರಿಗೆ ನಮ್ಮಲ್ಲಿ ರಾಜಗಿರಿಯ ಉಂಡೆ ಸಲ್ಲುತ್ತದೆ, ಏಕೆಂದರೆ ಉಪವಾಸದ ಲೆಕ್ಕದಲ್ಲಿ ಅದು ಧಾನ್ಯವಲ್ಲ. ಇಲ್ಲಿ ಲೆಕ್ಕ ತಿರುಗುಮುರುಗು. ರಾಜಗಿರಿ, ಕ್ವಿನೋವಾ, ಬಕ್‌ವೀಟ್ ಹುಲ್ಲಿನ ಜಾತಿಯವಲ್ಲದಿದ್ದರೂ ಈ ಪಥ್ಯದವರು ಅವನ್ನು ಧಾನ್ಯದ ಸಾಲಿಗೇ ಸೇರಿಸಿದ್ದಾರೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು ನಮ್ಮ ರೈತರಿಗೆ ಚಿಯಾ, ಕ್ವಿನೋವಾ ಎರಡನ್ನೂ ಪರಿಚಯಿಸಿದರು. ನಿನ್ನ ಪಥ್ಯದಲ್ಲಿ ಮೊದಲನೆಯದು ಒಳಗೆ, ಎರಡನೆಯದು ಹೊರಗೆ. ರಾಜಗಿರಿಯನ್ನು ಎತ್ತಿಡು, 30 ದಿನ ಮುಗಿದ ಮೇಲೆ ಒಂದೊಂದೇ ವರ್ಗವನ್ನು ಮರಳಿ ತಿಂದು ನೋಡುವಾಗ ಗ್ಲುಟೆನ್, ಅಂದರೆ ಗೋಧಿಯಲ್ಲಿರುವ ಜಿಗುಟು ಪ್ರೋಟೀನು, ಇಲ್ಲದ ಧಾನ್ಯಗಳ ಸರದಿಯಲ್ಲಿ ಅದೂ ಬರುತ್ತದೆ.

ಆದರೆ ಸಿಂಧು, ನನಗೆ ಅನುಮಾನವಿರುವುದು ಬೀಜದ ಮೇಲಲ್ಲ, ಪುಡಿಯ ಮೇಲೆ. ಅಜ್ಜಿ ಅಗಸಿ ಪುಡಿಗೆ ಬೆಲ್ಲ ಹಾಕದೆ ಬಿಡುವವರಲ್ಲ, ಒಮ್ಮೊಮ್ಮೆ ಪುಟಾಣಿಯನ್ನೂ ಸೇರಿಸುತ್ತಾರೆ. ಬೆಲ್ಲ ಎಷ್ಟೇ ಸಾವಯವವಾಗಿದ್ದರೂ ಸೇರಿಸಿದ ಸಿಹಿಯೇ, ಪುಟಾಣಿ ಕಡಲೆ, ಅಂದರೆ ದ್ವಿದಳ. ಶೇಂಗಾ ಪುಡಿಯಂತೂ ಕೇಳುವುದೇ ಬೇಡ. ನಿನ್ನ ಒಗ್ಗರಣೆಯಲ್ಲಿ ಉದ್ದಿನಬೇಳೆ, ಕಡಲೆಬೇಳೆ ನಾಲ್ಕೇ ಕಾಳು ಬಿದ್ದರೂ ನಿಯಮ ಮುರಿದಂತೆ. ಅಂಗಡಿಯ ಹಿಂಗಿನಲ್ಲಿ ಸಾಮಾನ್ಯವಾಗಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ, ಡಬ್ಬಿಯ ಹಿಂಬದಿಯನ್ನು ಓದು. ಅಗಸೆ ಸಲ್ಲುತ್ತದೆಂದು ಅದರ ಹಿಟ್ಟಿನಲ್ಲಿ ರೊಟ್ಟಿ ತಟ್ಟುವ ಯೋಚನೆಯೂ ಬೇಡ. ಒಪ್ಪಿತ ಪದಾರ್ಥದಿಂದಲೇ ಆದರೂ ರೊಟ್ಟಿ, ಬ್ರೆಡ್ಡು, ದೋಸೆಯಂಥದ್ದನ್ನು ಮಾಡಿಕೊಳ್ಳಬಾರದೆಂಬ ಷರತ್ತು ಅದರಲ್ಲಿದೆ, ಮತ್ತು ಆ ಷರತ್ತು ನನಗೆ ಸ್ವಲ್ಪ ಅತಿಯೆನಿಸಿದರೂ ಹಿಡಿದ ಮೇಲೆ ಪಾಲಿಸಬೇಕು.

ಇನ್ನೊಂದು ಮಾತು. ಪಥ್ಯ ಒಪ್ಪಿತೆಂದರೆ ನಿನ್ನ ಮೈ ಒಪ್ಪಿತೆಂದಲ್ಲ. ಎಳ್ಳಿನಿಂದ ಅಲರ್ಜಿಯಾಗುವವರು ಅಲ್ಲಿಯೂ ಇರುವುದರಿಂದಲೇ 2023ರಿಂದ ಅಮೆರಿಕದ ಪೊಟ್ಟಣಗಳ ಮೇಲೆ ಎಳ್ಳನ್ನು ಅಲರ್ಜಿಕಾರಕವೆಂದು ನಮೂದಿಸುವುದು ಕಡ್ಡಾಯವಾಗಿದೆ. ಎಳ್ಳು ತಿಂದಾಗ ಗಂಟಲು ತುರಿಸಿದರೆ ನಿಲ್ಲಿಸಿ ವೈದ್ಯರನ್ನು ಕಾಣು. ಕಾಮಕಸ್ತೂರಿ, ಚಿಯಾಗಳನ್ನು ಒಣಗಿದ್ದಾಗಲೇ ಬಾಯಿಗೆ ಹಾಕಿಕೊಳ್ಳದೆ ನೀರಿನಲ್ಲಿ ಚೆನ್ನಾಗಿ ನೆನೆಸಿ ತಿನ್ನು.

ಸದ್ಯಕ್ಕೆ ಅಗಸೆಯನ್ನು ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು ಮಾತ್ರ ಸೇರಿಸಿ ನೀನೇ ತರಿತರಿಯಾಗಿ ಪುಡಿಮಾಡಿಕೋ. ಮೊಸರು ಕಲಸುವಂತಿಲ್ಲವಾದ್ದರಿಂದ ಕೊಬ್ಬರಿ ಎಣ್ಣೆ ಬೆರೆಸಿ ಸೌತೆಕಾಯಿಗೋ ಮೊಟ್ಟೆಯ ಪಲ್ಯಕ್ಕೋ ಹಚ್ಚಿಕೊಂಡು ತಿನ್ನಬಹುದು. ಅಜ್ಜಿಯ ಪುಡಿಗೆ ಏನೇನು ಬಿದ್ದಿದೆಯೆಂದು ಸಂಜೆ ಅವರನ್ನೇ ಕೇಳಿ ಇಲ್ಲಿಯೇ ತಿಳಿಸುತ್ತೇನೆ, ಅಲ್ಲಿಯವರೆಗೆ ಆ ಡಬ್ಬಿಯನ್ನು ತೆರೆಯಬೇಡ.